ನೆಂಟರ ಮಕ್ಕಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕನಾಯಕನಹಳ್ಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯಾಗಿ ಬಂದೆ. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಇನ್ನು ಮುಂದೆ ತಾಲ್ಲೂಕಿನ ಸ್ಕೂಲುಗಳೆಲ್ಲ ನನ್ನ ಕೈಕೆಳಗೆ ಎಂದಾಗ ಹೆಮ್ಮೆಗಿಂತ ಗಾಬರಿಯೇ ಹೆಚ್ಚಾಯಿತು. ನಮ್ಮ ಮನೆ ತಿಪಟೂರಿನಲ್ಲಿತ್ತು. ಬೆಳಿಗ್ಗೆ ಕೊಬ್ಬರಿ ಮಂಡಿಗಳ ಬಾಗಿಲು ತೆಗೆಯುವ ಹೊತ್ತಿಗೆ ಬಸ್ಸು ಹತ್ತುತ್ತಿದ್ದೆ. ಊರು ದಾಟುವ ತನಕ ಒಣಕೊಬ್ಬರಿಯ ವಾಸನೆ ಜೊತೆಗೇ ಬರುತ್ತಿತ್ತು. ಆಮೇಲೆ ತೋಟಗಳು ಕಡಿಮೆಯಾಗಿ ರಾಗಿ ಹೊಲಗಳು, ಅದರಾಚೆ ಬೋಳು ಗುಡ್ಡಗಳು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ದಿನದ ಕೆಲಸವನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆಫೀಸಿಗೆ ಕಾಲಿಟ್ಟ ಮೇಲೆ ಅದರಲ್ಲಿ ಅರ್ಧವೂ ನಡೆಯುತ್ತಿರಲಿಲ್ಲ, ಆ ಮಾತು ಬೇರೆ.

ಬಂದ ವರ್ಷ ದೀಪಾವಳಿ ಕಳೆದ ಮೇಲೆ ಗುಡ್ಡದ ಬುಡದಲ್ಲಿ ಕುರಿಗಾಹಿಗಳ ಒಂದು ಹಟ್ಟಿಯ ಸ್ಕೂಲಿಗೆ ಹೋದೆ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಇನ್ನೂ ಮದುವೆಯಾಗದ ಹುಡುಗ, ಚಿಗುರು ಮೀಸೆ. ಜೂನ್‌ನಲ್ಲಿ ನೋಡಿದಾಗ ಕೋಣೆ ತುಂಬಿತ್ತು. ಈಗ ಅರ್ಧಕ್ಕರ್ಧ ಖಾಲಿ.

"ಮಕ್ಕಳೆಲ್ಲಿ ಮೇಷ್ಟ್ರೇ?"

"ಮಂದೆ ಜೊತೆ ಹೋದ್ವು ಮೇಡಂ. ಕುರಿಗೆ ಮೇವಿಲ್ಲ ನೋಡಿ ಇಲ್ಲಿ. ತುರುವೇಕೆರೆ, ತಿಪಟೂರು ಕಡೆ ತೋಟಗಳಿಗೆ ಹೋಗ್ತಾರೆ. ಯುಗಾದಿ ಹೊತ್ತಿಗೆ ಬತ್ತಾರೆ."

"ಅಲ್ಲಿ ತನಕ ಓದು?"

ಅವರು ಹಾಜರಿ ಪುಸ್ತಕ ತೆರೆದು ತೋರಿಸಿದರು. ತುಂಬಾ ದಿನ ಬಾರದ ಮಕ್ಕಳ ಹೆಸರು ಹೊಡೆದುಹಾಕುವುದು, ಜೂನ್‌ನಲ್ಲಿ ಅದೇ ತರಗತಿಗೆ ಮತ್ತೆ ಸೇರಿಸಿಕೊಳ್ಳುವುದು, ಅಲ್ಲಿ ಅದೇ ರೂಢಿ. ಒಬ್ಬ ಹುಡುಗಿ ಮೂರನೇ ತರಗತಿಯಲ್ಲೇ ಮೂರು ವರ್ಷದಿಂದ ಇದ್ದಳು. "ಚುರುಕಾಗಿದ್ದಾಳೆ ಮೇಡಂ, ಆದ್ರೆ ಅರ್ಧಕ್ಕೇ ಹೋಗ್ಬಿಡ್ತಾಳೆ" ಎಂದರು ಮೇಷ್ಟ್ರು.

ನನಗೆ ಈ ಮಂದೆಗಳು ಹೊಸವಲ್ಲ. ಹಾಲ್ಕುರಿಕೆ ಹತ್ತಿರದ ನಮ್ಮಪ್ಪನ ತೋಟಕ್ಕೂ ಗೊಬ್ಬರಕ್ಕೆಂದು ವರ್ಷ ವರ್ಷ ಕುರಿ ನಿಲ್ಲಿಸುತ್ತಿದ್ದರು. ತೆಂಗಿನ ಬುಡದಲ್ಲಿ ಕುರಿಗಳು ಒತ್ತೊತ್ತಾಗಿ ಮಲಗಿರುತ್ತಿದ್ದವು. ಬೆಳಿಗ್ಗೆ ಅಮ್ಮ ಕೊಟ್ಟ ಮಜ್ಜಿಗೆ ತೆಗೆದುಕೊಂಡು ಹೋದರೆ ನನ್ನ ವಯಸ್ಸಿನ ಹುಡುಗಿಯೊಬ್ಬಳು ನನ್ನ ಕೈಗೆ ಕುರಿಮರಿ ಕೊಡುತ್ತಿದ್ದಳು. ಬೆಚ್ಚಗಿನ ಆ ಹೊಟ್ಟೆ, ಗಡಿಬಿಡಿಯ ಎದೆಬಡಿತ ಇವತ್ತಿಗೂ ಅಂಗೈಗೆ ಗೊತ್ತು. ನಾನು ಸ್ಕೂಲಿಗೆ ಹೊರಟರೆ ಅವಳು ಬೇಲಿಯ ತನಕ ಬಂದು ನಿಲ್ಲುತ್ತಿದ್ದಳು. ಅವಳೂ ಬರಬಹುದಿತ್ತು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಹಟ್ಟಿಯವರು ಹೇಳಿದ ಗುರುತು ಹಿಡಿದು ತುರುವೇಕೆರೆ ಕಡೆಯ ಒಂದು ಊರಿನಲ್ಲಿ ಬಸ್ಸಿಳಿದೆ. ಊರಂಚಿನ ತೋಟದಲ್ಲೇ ಮಂದೆ ಸಿಕ್ಕಿತು. ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟ ಹೆಂಗಸು ನನ್ನ ಸೀರೆ, ಬ್ಯಾಗು ನೋಡಿ ಎದ್ದು ನಿಂತಳು. ಮೂರನೇ ತರಗತಿಯ ಆ ಹುಡುಗಿಯ ಅವ್ವ. ಹುಡುಗಿ ಸ್ವಲ್ಪ ದೂರದಲ್ಲಿ ಮರಿಗಳನ್ನು ದೊಡ್ಡ ಬುಟ್ಟಿಯೊಳಗೆ ಕೂಡುತ್ತಿದ್ದಳು. ನನ್ನ ಗುರುತು ಹತ್ತಿ ತಲೆ ಬಗ್ಗಿಸಿದಳು.

"ಇಸ್ಕೂಲಿಗೆ ಕಳ್ಸಿಲ್ಲ ಅಂತ ದಂಡ ಹಾಕಾಕೆ ಬಂದ್ರಾ ಅಮ್ಮಾರೆ?" ಎಂದ ಅವಳಪ್ಪ. ಕೋಪದಿಂದಲ್ಲ, ಅಂಥದ್ದು ಆಗಿಯೇ ಆಗುತ್ತದೆ ಎನ್ನುವ ದನಿಯಲ್ಲಿ.

"ದಂಡ ಏನಿಲ್ಲ ಕಣಪ್ಪ. ನಿಮ್ಮ ಹುಡುಗೀನ ನೋಡೋಣ ಅಂತ ಬಂದೆ."

ಅವ್ವ ನಕ್ಕಳು. ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ಬೇಲಿಯಾಚೆ ಕೈ ತೋರಿಸಿದಳು. ಹೆಂಚಿನ ಕಟ್ಟಡ, ಧ್ವಜದ ಕಂಬ. ಆ ಊರಿನ ಸ್ಕೂಲು.

"ದಿನಾ ಅದರ ಗಂಟೆ ಹೊಡೀತದೆ. ಇವಳು ಕಿವಿ ನಿಮಿರಿಸ್ತಾಳೆ. ನಮ್ಮೂರ ಗಂಟೆ ಅಲ್ಲ ಬುಡು ಮಗಾ ಅಂತೀನಿ."

ಕೂಗಳತೆಯ ದೂರದಲ್ಲಿ ಸ್ಕೂಲಿದೆ, ಮಗುವಿಗೆ ಕಲಿಯುವ ಆಸೆಯೂ ಇದೆ. ನಡುವೆ ಇದ್ದದ್ದು ಒಂದು ಬೇಲಿ, ಮತ್ತೆ ನಮ್ಮ ಇಲಾಖೆ.

ಮರುದಿನ ಆ ಸ್ಕೂಲಿನ ಹೆಡ್ ಮಾಸ್ಟರನ್ನು ಕಂಡೆ. ಕಾಫಿ ತರಿಸಿ ಮರ್ಯಾದೆಯಿಂದಲೇ ಹೇಳಿದರು: "ತಪ್ಪು ತಿಳೀಬೇಡಿ ಮೇಡಂ. ನೀವು ಚಿಕ್ಕನಾಯಕನಹಳ್ಳಿಯವರು, ನಾನು ತುರುವೇಕೆರೆ ತಾಲ್ಲೂಕಿನವನು. ಹೆಸರೇ ಇಲ್ಲದ ಮಕ್ಕಳನ್ನ ಯಾವ ರೂಲ್ಸಲ್ಲಿ ಕೂರಿಸ್ಕೊಳ್ಳಲಿ? ನಾಳೆ ಊರಿನವರು ಕೇಳಿದ್ರೆ?" ಊರಿನವರು ಏನು ಕೇಳುತ್ತಾರೆ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಮೂಗಿನ ಹತ್ತಿರ ಕೈ ಆಡಿಸಿದರು, ಅಷ್ಟೆ.

ಅಲ್ಲಿಂದ ನೇರ ಅವರ ತಾಲ್ಲೂಕಿನ ಶಿಕ್ಷಣಾಧಿಕಾರಿಗಳ ಹತ್ತಿರ ಹೋದೆ. ನನಗಿಂತ ಬಹಳ ಹಿರಿಯರು, ನಿವೃತ್ತಿಗೆ ಹತ್ತಿರವಾಗಿದ್ದವರು. ಬಿಳಿ ಪಂಚೆ, ತೋಳು ಮಡಿಸಿದ ಶರಟು, ಬಾಯಲ್ಲಿ ಸದಾ ಎಲೆಯಡಿಕೆ. ನಾನು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಉಗಿದು ಬಂದು ಕೂತರು.

"ಏನಮ್ಮಾ, ನಿನ್ನ ಮಕ್ಕಳನ್ನ ನನ್ನ ತಲೆಗೆ ಕಟ್ತೀಯಾ?"

"ಹೌದು ಸಾರ್."

ನಗು ತಡೆಯಲಾಗದೆ ಅವರ ಹೊಟ್ಟೆ ಕುಲುಕಿತು. ಆಮೇಲೆ ಹೇಳಿದರು: "ಹಬ್ಬಕ್ಕೆ ನೆಂಟರ ಮನೆಗೆ ಬಂದ ಮಕ್ಕಳು ಆ ಮನೆ ಹುಡುಗರ ಜೊತೆ ಸ್ಕೂಲಿಗೆ ಬಂದು ಕೂರಲ್ವಾ? ಯಾವ ಮೇಷ್ಟ್ರು ಯಾವತ್ತು ಎಬ್ಬಿಸಿ ಕಳಿಸಿದ್ದಾನೆ? ಇವೂ ನೆಂಟರ ಮಕ್ಕಳೇ. ನಿನ್ನ ಕಡೆ ಮೇಷ್ಟ್ರಿಗೆ ಹೆಸರು ಹೊಡೆದುಹಾಕಬೇಡ ಅಂತ ಹೇಳು. ನನ್ನ ಕಡೆ ಕೂರಿಸ್ಕೊಳ್ಳೋದು ನನಗೆ ಬಿಡು."

ಹೀಗೆ ಆ ಮಕ್ಕಳಿಗೆ ಹೆಸರೂ ಬಿತ್ತು, ಜಾಗವೂ ಸಿಕ್ಕಿತು. ಹುಡುಗಿ, ಅವಳ ತಮ್ಮ, ಇನ್ನೂ ಮೂರು ಮಕ್ಕಳು ಬೇಲಿ ದಾಟಿ ಹೋದರು. ಮೊದಲ ದಿನ ಯಾರೂ ಹೇಳದಿದ್ದರೂ ಜಗಲಿಯಲ್ಲೇ ಕೂತುಕೊಂಡವಂತೆ. ಮೂರನೇ ತರಗತಿಯ ಟೀಚರಮ್ಮ ಹೊರಗೆ ಬಂದು, ಒಂದೊಂದರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಊರಿನ ಮಕ್ಕಳ ನಡುನಡುವೆ ಕೂರಿಸಿದರು. ಮರುದಿನ ಇಬ್ಬರು ತೋಟದ ಯಜಮಾನರು ಬಂದು ಆಕ್ಷೇಪಣೆ ಎತ್ತಿದರು. ಅದೇ ಟೀಚರಮ್ಮ, "ನಿಮ್ಮ ತೋಟಕ್ಕೆ ಇವರ ಕುರಿ ಬೇಕು, ನಿಮ್ಮ ಹುಡುಗರ ಪಕ್ಕಕ್ಕೆ ಇವರ ಮಕ್ಕಳು ಬ್ಯಾಡ್ವಾ?" ಎಂದು ಕೇಳಿದ್ದಕ್ಕೆ ಬಂದ ದಾರಿ ಹಿಡಿದರಂತೆ.

ಒಂದು ವಾರ ಬಿಟ್ಟು ಹೆಡ್ ಮಾಸ್ಟರ ಫೋನ್ ಬಂತು. ಹುಡುಗಿ ತಾಯಿಯಿಲ್ಲದ ಒಂದು ಮರಿಯನ್ನು ಬಿಟ್ಟು ಬರಲಾರದೆ ಸ್ಕೂಲಿಗೇ ತಂದು ದಾಸವಾಳದ ಗಿಡಕ್ಕೆ ಕಟ್ಟಿದ್ದಳು. ಅದು ದಾಸವಾಳ ಮುಗಿಸಿ, ಹಗ್ಗ ಬಿಚ್ಚಿಕೊಂಡು ಮಕ್ಕಳು ಬೆಳೆಸಿದ್ದ ಬಸಳೆ ಬಳ್ಳಿಗೂ ಬಾಯಿ ಹಾಕಿತ್ತು.

"ಮೇಡಂ, ನಿಮ್ಮ ನೆಂಟರ ಜೊತೆ ಅವರ ನೆಂಟರೂ ಬಂದವ್ರೆ ಕಣ್ರೀ!" ಎಂದು ಕೂಗಾಡಿದರು. ಕೂಗಾಟ ಮುಗಿದ ಮೇಲೆ, ಮಕ್ಕಳೆಲ್ಲ ಸೇರಿ ಆ ಮರಿಗೊಂದು ಸೊಪ್ಪಿನ ಚಪ್ಪರ ಮಾಡಿದ್ದಾರೆ, ಜಾಗ ತೋರಿಸಿದ್ದು ತಾವೇ ಎಂದು ಮೆಲ್ಲಗೆ ಸೇರಿಸಿದರು. ರಿಸೀವರ್ ಇಟ್ಟು ನಾನೊಬ್ಬಳೇ ಎಷ್ಟೋ ಹೊತ್ತು ನಕ್ಕೆ. ಆ ಆಫೀಸಿನಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲ.

ಆದರೆ ಮಂದೆ ಒಂದೇ ತೋಟದಲ್ಲಿ ನಿಲ್ಲುವುದಿಲ್ಲ. ಇಲ್ಲಿ ಗೊಬ್ಬರ ಬಿದ್ದರೆ ಮುಂದಿನ ತೋಟ, ಅಲ್ಲಿಂದ ಮುಂದಿನ ಊರು. ಪ್ರತಿ ಊರಿನಲ್ಲೂ ಹೊಸ ಹೆಡ್ ಮಾಸ್ಟರು, ಅದೇ ಹಳೇ ಪ್ರಶ್ನೆ. ಮಂದೆ ಯಾವ ಊರಲ್ಲಿ ಇಳಿದಿದೆ ಎಂದು ತಿಳಿಯಲು ನಾನು ಬಸ್ ಕಂಡಕ್ಟರುಗಳನ್ನು ಕೇಳುತ್ತಿದ್ದೆ. ಕೇಳೀ ಕೇಳೀ ಅವರಿಗೂ ಅಭ್ಯಾಸವಾಗಿ, ನಾನು ಹತ್ತಿದ ಕೂಡಲೇ "ಮೇಡಂ, ನಿಮ್ಮ ಕುರಿ ಕೆರೆ ಏರಿ ದಾಟಿದ್ವು" ಎನ್ನುತ್ತಿದ್ದರು. ಬಸ್ಸಿನಲ್ಲಿದ್ದ ಜನ ನನ್ನನ್ನು ಕುರಿ ವ್ಯಾಪಾರದವಳು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಒಂದು ಊರಿನಲ್ಲಿ ಮಾತ್ರ ಕೆಲಸ ಕೆಟ್ಟಿತು. ಅಲ್ಲಿಯ ಹೆಡ್ ಮಾಸ್ಟರು ಮಕ್ಕಳನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರು. ಸುದ್ದಿ ತಿಳಿದು ನಾನು ಹೊರಡುವಷ್ಟರಲ್ಲಿ ತುರುವೇಕೆರೆಯ ಆ ಹಿರಿಯ ಅಧಿಕಾರಿಗಳು ತಾವೇ ಬಸ್ಸು ಹತ್ತಿ ಹೋಗಿದ್ದರು. ನಾನು ತಲುಪಿದಾಗ ಕಂಡದ್ದನ್ನು ಮರೆಯಲಾರೆ. ತೋಟದ ಕಡೆಯಿಂದ ಅವರು ನಡೆದು ಬರುತ್ತಿದ್ದರು, ಎಡಗೈ ಹಿಡಿದು ಹುಡುಗಿ, ಬಲಗೈ ಹಿಡಿದು ಅವಳ ತಮ್ಮ, ಹಿಂದೆ ಮಿಕ್ಕ ಮಕ್ಕಳು. ಪಂಚೆಯ ಅಂಚಿಗೆಲ್ಲ ಕೆಂಪು ಧೂಳು. ಗೇಟು ತೆರೆದುಕೊಂಡಿತು. ಅವರು ನೇರ ತರಗತಿಯೊಳಗೆ ಹೋಗಿ, ಮಕ್ಕಳ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. "ಪಾಠ ಮಾಡಿ ಮೇಷ್ಟ್ರೇ, ನಾನೂ ಕೇಳಿ ಬಾಳ ವರ್ಷ ಆಯ್ತು" ಎಂದರು. ಮಧ್ಯಾಹ್ನದ ಗಂಟೆ ಹೊಡೆಯುವ ತನಕ ಏಳಲಿಲ್ಲ. ಆ ಊರಿನಲ್ಲಿ ಮತ್ತೆ ತಕರಾರು ಬರಲಿಲ್ಲ.

ಯುಗಾದಿಗೆ ಮಂದೆ ಹಟ್ಟಿಗೆ ಮರಳಿತು. ಚಿಗುರು ಮೀಸೆಯ ಮೇಷ್ಟ್ರು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹುಣಸೆಮರದ ಕೆಳಗೆ ಕೂರಿಸಿಕೊಂಡು, ತಪ್ಪಿಹೋಗಿದ್ದ ಪಾಠಗಳನ್ನು ಮಾಡಿದರು; ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಹುಡುಗಿ ನಾಲ್ಕನೇ ತರಗತಿಗೆ ಬಂದಳು. ಮುಂದಿನ ವರ್ಷಗಳಲ್ಲೂ ಹಾಗೇ ನಡೆಯಿತು. ಹಟ್ಟಿಯಲ್ಲಿದ್ದಾಗ ಹಟ್ಟಿಯ ಸ್ಕೂಲು, ಕುರಿ ನಿಂತಾಗ ಕುರಿ ನಿಂತ ಊರಿನ ಸ್ಕೂಲು. ಅಷ್ಟರಲ್ಲಿ ನನಗೆ ವರ್ಗವಾಗಿ ಬೇರೆ ತಾಲ್ಲೂಕಿಗೆ ಹೋದೆ. ಆದರೂ ಅವಳು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಬರೆಯುವ ದಿನ ರಜೆ ಹಾಕಿ ಚಿಕ್ಕನಾಯಕನಹಳ್ಳಿಗೆ ಬಂದೆ. ಅವಳಪ್ಪ ಕಾಂಪೌಂಡಿನ ಹೊರಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಇಷ್ಟೊತ್ತು ಒಳಗೆ ಏನ್ ಮಾಡ್ತಾರೆ ಅಮ್ಮಾರೆ?"

"ಬರೀತಾರೆ ಕಣಪ್ಪ."

"ಅಷ್ಟೆಲ್ಲ ಬರೆಯಾಕೆ ಬತ್ತದಾ ಇವಳಿಗೆ?" ಎಂದವನು ಮುಖ ಆ ಕಡೆ ತಿರುಗಿಸಿ ಕಂಬಳಿಯ ತುದಿಯಲ್ಲಿ ಕಣ್ಣೊರೆಸಿಕೊಂಡ.

ಅವಳು ಪಾಸಾದಳು. ಹೈಸ್ಕೂಲಿಗೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಬಿಟ್ಟಿರಲಾರೆ ಎಂದು ಅವ್ವ ಎರಡು ಸಲ ಬಂದು ಕರೆದುಕೊಂಡು ಹೋದಳು, ಎರಡು ಸಲವೂ ತಾನೇ ವಾಪಸ್ಸು ತಂದು ಬಿಟ್ಟಳು.

ಆ ವಿಷಯ ಹೇಳಲು ನಾನು ಆ ಹಿರಿಯ ಅಧಿಕಾರಿಗಳ ಊರಿಗೆ ಹೋದೆ. ಅಷ್ಟರಲ್ಲಿ ನಿವೃತ್ತರಾಗಿ ತೋಟ ನೋಡಿಕೊಂಡಿದ್ದರು. ಎಳನೀರು ಕೆತ್ತಿ ಕೈಗೆ ಕೊಟ್ಟು, ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿದರು. ಸಂತೋಷದಿಂದ ತಲೆದೂಗಿದರು. ಆಮೇಲೆ ಕೇಳಿದರು:

"ಮಿಕ್ಕವರು?"

ಹುಡುಗಿಯ ತಮ್ಮ ಐದನೆಯದಕ್ಕೇ ಬಿಟ್ಟು ಕುರಿ ಹಿಂದೆ ಹೋಗಿದ್ದ. ಇಬ್ಬರು ಹುಡುಗಿಯರಿಗೆ ಮದುವೆಯಾಗಿತ್ತು. ಒಬ್ಬ ಆರನೆಯದರಲ್ಲಿ ಓದುತ್ತಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಆರನೇಲಿರೋನ ಹೆಸರೇನಮ್ಮಾ?" ಎಂದರು.

ಹೇಳಿದೆ. ಅವನ ಮಂದೆ ಈ ಸಲ ಯಾವ ಕಡೆ ಇಳಿಯುತ್ತದೆ ಎಂದು ವಿಚಾರಿಸಿದರು. ಸಂಜೆ ಬಸ್ಸಿನ ತನಕ ಇಬ್ಬರೂ ಅದನ್ನೇ ಮಾತಾಡುತ್ತಾ ಕೂತೆವು.