ಹೆಗಲ ಮೇಲಿನ ಕೈ

ವಿನೋಬನಗರದಲ್ಲಿ ನಾನು ಕೆಲಸಕ್ಕಿದ್ದ ಸ್ಟುಡಿಯೋಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಕೊಕ್ಕನೂರಿನ ಹೆಂಗಸೊಬ್ಬರು ಮನೆಮಂದಿಯೆಲ್ಲ ನಿಂತ ಫೋಟೋ ತಂದರು. ಹರಿಹರದ ಗಂಡಿನ ಕಡೆಯವರಿಗೆ ಕಳಿಸಬೇಕಿತ್ತಂತೆ.

“ಮಗಳು ಇದರಾಗೇ ಚೆಂದ ಬಂದಾಳೆ, ಅವಳೊಬ್ಬಳದೇ ಮಾಡಿಕೊಡ್ರಿ. ಕತ್ತರಿ ಮಾತ್ರ ಹಾಕಬ್ಯಾಡ್ರಿ, ಎಲ್ಲಾ ಬದುಕಿರೋರು.”

ಸ್ಕ್ಯಾನ್ ಮಾಡಿ ಫೋಟೋ ಅವರ ಕೈಗಿತ್ತೆ. ಪರದೆಯಲ್ಲಿ ಮಗಳ ಸುತ್ತ ಚೌಕ ಎಳೆದು ಕ್ರಾಪ್ ಒತ್ತಿದೆ. ಬಂಧುಬಳಗವೆಲ್ಲ ಮಾಯ! ಅವರು ಗಾಬರಿಯಿಂದ ಕೈಲಿದ್ದ ಫೋಟೋ ನೋಡಿದರು. ಅದರಲ್ಲಿ ಎಲ್ಲರೂ ಇದ್ದರು.

“ಶಿವನೇ! ಯಾರಿಗೂ ನೋವಾಗ್ದಂಗೆ ಮಗಳನ್ನ ಎತ್ಕಂಡ್ರಲ್ರಿ!” ಎಂದು ಪರದೆಗೆ ಕೈಮುಗಿದರು. ನನಗೂ ಮೈ ಜುಮ್ಮೆಂದಿತು.

ಆದರೆ ಚೌಕ ಎಷ್ಟು ಕಿರಿದು ಮಾಡಿದರೂ ಮಗಳ ಹೆಗಲ ಮೇಲೊಂದು ಕೈ ಉಳಿಯುತ್ತಿತ್ತು. ಯಾರದೆಂದು ಕೇಳಿದೆ.

“ನಮ್ಮತ್ತೇದು. ಅವರ ಹಿಡಿತ ಬಿಡಿಸೋಕೆ ನನ್ನ ಕೈಲೇ ಆಗಿಲ್ಲ, ಮಷೀನ್ ಕೈಲಿ ಹೆಂಗಾಗ್ತೈತೆ? ಇರಲಿ ಬಿಡ್ರಿ.”