ಜಗಳದ ಶಿಫ್ಟಿನವರು ಪಂಚಾಯ್ತಿಗೆ ಕೂರಂಗಿಲ್ಲ

ತೊಂಬತ್ತನೇ ಇಸವಿಯ ಆಗಸ್ಟಿನಲ್ಲಿ ಕುವೈತಿನೊಳಗೆ ಅದರ ಪಕ್ಕದ ದೇಶದ ದೊರೆ ಸೈನ್ಯ ನುಗ್ಗಿಸಿದಾಗ ನಮ್ಮಣ್ಣ ಅಲ್ಲೇ ಇದ್ದ. ವೆಲ್ಡರ್ ಕೆಲಸ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಲ್ಲಿಂದ ಅವನು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಫೋನಿಲ್ಲ, ಕಾಗದ ಇಲ್ಲ, ಬದುಕಿದಾನೋ ಇಲ್ವೋ ಹೇಳೋರೇ ಇಲ್ಲ. ಅಮ್ಮ ರೇಡಿಯೋ ಮುಂದೆ ಕೂತು ಆ ದೊರೆಯ ವಂಶವನ್ನೆಲ್ಲ ಜಾಲಾಡ್ತಿದ್ದಳು. "ಅವನ ಮನೆ ಹಾಳಾಗ! ಅವನ ಊರ ಮೇಲೆ ಒಂದು ಬಾಂಬ್ ಹಾಕೋಕೆ ಯಾರಿಗೂ ಕೈ ಬರಲ್ವಾ?" ವಾರ್ತೆ ಓದೋರು ವಿಶ್ವಸಂಸ್ಥೆ ಖಂಡಿಸಿದೆ ಅಂದ ತಕ್ಷಣ ನನ್ನ ಕಡೆ ತಿರುಗ್ತಿದ್ದಳು, ನಾನೇ ಅದರ ಕಾರ್ಯದರ್ಶಿ ಅನ್ನೋ ಹಾಗೆ. "ಖಂಡಿಸಿದರೆ ನನ್ನ ಮಗ ಬರ್ತಾನೇನೇ?"

ನಾನು ಆಗ ಶಿವಮೊಗ್ಗದಲ್ಲಿ ಬಿ.ಎ. ಓದ್ತಿದ್ದೆ, ರಾಜ್ಯಶಾಸ್ತ್ರ. ದಿನಾ ಬಸ್ಸಿನಲ್ಲಿ ಓಡಾಟ. ಬಾಯಿ ಜೋರು ಅಂತ ಹೆಸರಿತ್ತು, ಸುಳ್ಳೇನಲ್ಲ. ಹಾಗಾಗಿ ಆ ದಿನಗಳಲ್ಲೇ ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಡೆದ ಚರ್ಚಾಸ್ಪರ್ಧೆಗೆ ನನ್ನನ್ನೇ ಕಳಿಸಿದರು. ವಿಷಯ: ವಿಶ್ವಶಾಂತಿಗೆ ವಿಶ್ವಸಂಸ್ಥೆ ಸಾಕೇ? ನಮ್ಮ ಲೆಕ್ಚರರು ಬರೆದುಕೊಟ್ಟ ಭಾಷಣ ಬಾಯಿಪಾಠ ಆಗಿತ್ತು. ಬಿಳಿ ಪಾರಿವಾಳ, ಮನುಕುಲದ ಹಣತೆ, ಎಲ್ಲ ಇತ್ತು ಅದರಲ್ಲಿ. ವೇದಿಕೆ ಹತ್ತಿ ಎರಡು ಸಾಲು ಹೇಳಿದೆನೋ ಇಲ್ವೋ, ಅಣ್ಣನ ಮುಖ ಕಣ್ಣ ಮುಂದೆ ಬಂತು. ಥೂ, ಈ ಪಾರಿವಾಳ ಕಟ್ಟಿಕೊಂಡು ನಾನೇನ್ಮಾಡಲಿ ಅನ್ನಿಸ್ತು. ಬಾಯಿಪಾಠ ಬಿಟ್ಟು ನಮ್ಮ ಕ್ವಾರ್ಟರ್ಸ್ ಲೈನಿನ ನಲ್ಲಿ ಜಗಳದ ಮಾತು ತೆಗೆದೆ.

ನಮ್ಮ ಲೈನಿನ ಮನೆಗಳಿಗೆಲ್ಲ ಒಂದೇ ನಲ್ಲಿ. ತಮಿಳರು, ತೆಲುಗರು, ನಾವು, ಎಲ್ಲರ ಕೊಡವೂ ಅಲ್ಲೇ. ಜಗಳ ಆಗದೆ ಇರುತ್ತಾ? ಆದರೆ ತೀರ್ಮಾನಕ್ಕೆ ಒಂದು ಪದ್ಧತಿ ಇತ್ತು. ಕಾರ್ಖಾನೆಯಲ್ಲಿ ಮೂರು ಶಿಫ್ಟು. ಜಗಳ ಆದಾಗ ಮನೆಯಲ್ಲಿದ್ದ ಶಿಫ್ಟಿನವರು ಪಂಚಾಯ್ತಿಗೆ ಕೂರಂಗಿಲ್ಲ. ಆಗ ಕೆಲಸದಲ್ಲಿದ್ದವರು ಬಂದು, ಕೈಕಾಲು ತೊಳೆದು, ಎರಡೂ ಕಡೆ ಕೇಳಿ ನ್ಯಾಯ ಹೇಳಬೇಕು. ಫೋರ್‌ಮನ್ ಆದರೂ ಅಷ್ಟೆ, ತನ್ನ ಜಗಳದಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ನಿಲ್ಲಬೇಕು. ತೀರ್ಮಾನ ಮೀರಿದವನ ಜೊತೆ ಯಾರೂ ಶಿಫ್ಟ್ ಬದಲಾಯಿಸಿಕೊಳ್ತಿರಲಿಲ್ಲ. ತಂಗಿ ಮದುವೆ ಇರಲಿ, ಹಬ್ಬ ಇರಲಿ, ಅನುಭವಿಸು ಮಗನೇ! ಆದರೆ ಅವನ ಮನೆಗೆ ನೀರು ಮಾತ್ರ ನಿಲ್ಲಿಸಂಗಿಲ್ಲ. ಅವನ ಹೆಂಡತಿ ಮಕ್ಕಳು ಏನು ಮಾಡಿದ್ರು?

ಇದನ್ನೇ ಹೇಳಿದೆ. ವಿಶ್ವಸಂಸ್ಥೆಯಲ್ಲಿ ಮೇಲೆ ಐದು ದೊಡ್ಡ ದೇಶ ಕೂತಿವೆ, ಐದರಲ್ಲಿ ಒಂದು ಬೇಡ ಅಂದರೆ ಮುಗೀತು. ಈ ಸಲ ಬೇಡ ಅನ್ನೋರು ಯಾರೂ ಇಲ್ಲ, ಸರಿ. ನಾಳೆ ಆ ಐವರಲ್ಲೇ ಒಬ್ಬ ಪಕ್ಕದವನ ಬಾಗಿಲು ಒಡೆದರೆ? ಅವನ ಜಗಳಕ್ಕೆ ಅವನೇ ನ್ಯಾಯ ಹೇಳ್ತಾನಾ? ಜಗಳ ತೆಗೆದೋನು, ಅವನಿಗೆ ಬಂದೂಕು ಮಾರಿದೋನು, ಇಬ್ಬರೂ ಎದ್ದು ಹೊರಗೆ ನಿಲ್ಲಲಿ. ದೊರೆ ತಪ್ಪು ಮಾಡಿದರೆ ಇಡೀ ದೇಶಕ್ಕೆ ಅನ್ನ, ಔಷಧ ನಿಲ್ಲಿಸಬೇಡಿ. ಆ ದೊರೆಯನ್ನೇ ಕಟಕಟೆಗೆ ತರೋ ಒಂದು ನ್ಯಾಯಾಲಯ ಮಾಡಿ ಅಂದೆ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ನಕ್ಕರು. "ಏನಮ್ಮ, ನಲ್ಲಿ ಜಗಳಾನೂ ದೇಶದ ಜಗಳಾನೂ ಒಂದೇನಾ?"

"ಅದೇ ಸಾರ್ ನನ್ನ ದೂರು. ನಲ್ಲಿ ಜಗಳಕ್ಕೆ ಇರೋವಷ್ಟು ನ್ಯಾಯ ದೇಶದ ಜಗಳಕ್ಕಿಲ್ಲ."

ಹಿಂದಿನ ಬೆಂಚಿನೋರು ಶಿಳ್ಳೆ ಹಾಕಿದರು. ಬಹುಮಾನ ಮಾತ್ರ ಪಾರಿವಾಳ ಹಾರಿಸಿದ ಹುಡುಗನಿಗೆ ಹೋಯ್ತು. ನನಗೆ ಬರಬೇಕಿತ್ತು, ಇವತ್ತಿಗೂ ಹೇಳ್ತೀನಿ. ಮನೆಗೆ ಬಂದು ಅಮ್ಮನ ಮುಂದೆ ಇಡೀ ಭಾಷಣ ಇನ್ನೊಂದು ಸಲ ಬಿಟ್ಟೆ. "ಚೆನ್ನಾಗಿ ಹೇಳಿದ್ದೀಯ. ನಿನ್ನಣ್ಣ ಎಲ್ಲಿ?" ಅಂದಳು. ಅವತ್ತು ಬಚ್ಚಲಲ್ಲಿ ಕೂತು ಅತ್ತೆ.

ದಸರಾ ಹೊತ್ತಿಗೆ ಬೊಂಬಾಯಿಂದ ಟೆಲಿಗ್ರಾಂ ಬಂತು, ಅದರ ಹಿಂದೆಯೇ ಅಣ್ಣನೂ ಬಂದ. ಉಟ್ಟ ಬಟ್ಟೆ, ಒಂದು ಚೀಲ, ಮುಖದ ತುಂಬ ಗಡ್ಡ. ಲೈನಿಗೆ ಲೈನೇ ನಮ್ಮ ಮನೆಯಲ್ಲಿ. ಅಮ್ಮ ಅಳ್ತಾಳೆ, ಬಡಿಸ್ತಾಳೆ, ಮತ್ತೆ ಅಳ್ತಾಳೆ. ನನಗಂತೂ ಅವನ ತೋಳು ಮುಟ್ಟಿ ಮುಟ್ಟಿ ನೋಡೋದೇ ಕೆಲಸ. ಪಕ್ಕದ ಮನೆ ಮಾವ ಬಾಗಿಲಲ್ಲಿ ನಿಂತು, "ನೀನು ಬಂದೆಯಲ್ಲ ಮಾರಾಯ, ಅಷ್ಟು ಸಾಕು. ಇನ್ನು ಅವನ ಊರನ್ನ ಸುಟ್ಟು ಬೂದಿ ಮಾಡಲಿ" ಅಂದರು. ಅಮ್ಮನೂ "ಮತ್ತಿನ್ನೇನು!" ಅಂದಳು.

ಅಣ್ಣ ತುತ್ತು ಕೆಳಗಿಟ್ಟ. "ಹಾಗನ್ನಬೇಡಿ ಮಾವ. ವಿಮಾನ ಹಿಡಿಯೋಕೆ ನಾವು ಬಸ್ಸಲ್ಲಿ ಬಂದಿದ್ದೇ ಬಾಗ್ದಾದ್ ಮೇಲೆ, ಅವನ ಊರ ಮೇಲೇ. ಹೊಟ್ಟೆಗಿಲ್ಲದೆ ಕೂತಿದ್ವಿ. ಒಬ್ಬಳು ಮುದುಕಿ ಕಿಟಕಿ ಹತ್ತಿರ ಬಂದು ರೊಟ್ಟಿ ಕೊಟ್ಟಳು. ನನ್ನ ಗಡ್ಡ ಸವರಿ ಗೊಳೋ ಅಂತ ಅತ್ತಳು. ನಮ್ಮ ಜೊತೆ ಅರಬ್ಬಿ ಬರೋನು ಒಬ್ಬ ಇದ್ದ, ಅವನು ಹೇಳಿದ. ಅವಳ ಮಗನನ್ನ ಆ ದೊರೇನೇ ಸೈನ್ಯಕ್ಕೆ ಎಳಕೊಂಡು ಹೋಗಿದಾನಂತೆ. ಸುದ್ದೀನೇ ಇಲ್ವಂತೆ."

ಅಮ್ಮ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಆ ಮುದುಕಿ ನಿನ್ನ ವಿಶ್ವಸಂಸ್ಥೆಗೆ ಹೋಗಿ ದೂರು ಕೊಡಬಹುದೇನೇ?"

"ಇಲ್ಲಮ್ಮ. ಅಲ್ಲಿ ದೇಶಗಳಿಗೆ ಮಾತ್ರ ಕುರ್ಚಿ."

"ಅವಳ ದೇಶದ ಕುರ್ಚಿಯಲ್ಲಿ ಯಾರು ಕೂತಿರೋದು?"

"ಆ ದೊರೆ ಕಳಿಸಿದೋನು."

ಅಮ್ಮ ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. "ಮತ್ತೆ ಅಷ್ಟುದ್ದ ಭಾಷಣ ಬಿಟ್ಟೆಯಲ್ಲೇ, ಅದನ್ನ ಯಾಕೆ ಹೇಳಲಿಲ್ಲ?"