ಕಾನಿಗೆ ಸೊನ್ನೆ ಹಾಕಲು ನಾನು ಬಿಡಲಿಲ್ಲ

ಕೇಳಿ ಎಲ್ಲರೂ, ಇವತ್ತು ನಮ್ಮ ನಾರ್ವೆ ಹಳ್ಳಿಯ ಮನೆ ಜಗಲಿಯಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞರು ನನ್ನ ಮಾತಿಗೆ ಒಪ್ಪಿ ಎದ್ದುಹೋದರು. ಊರಿಗೆ ನೀರು ಕೊಡುವ ಮೇಲಿನ ಕಾನು ಉಳಿಯಲು ವರ್ಷಕ್ಕೆ ಎಷ್ಟು ರೂಪಾಯಿ ಕೊಡುತ್ತೀರಿ ಎಂದು ಮನೆಮನೆಯಲ್ಲಿ ಕೇಳುತ್ತಾ ಬಂದಿದ್ದರು. ಕಾಡಿನ ಬೆಲೆಯನ್ನು ಹೀಗೆ ಅಂದಾಜು ಮಾಡುವುದಂತೆ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಮೈದುನ, "ಸೊನ್ನೆ ಬರ್ಕೊಳ್ಳಿ ಮಾರಾಯ್ರೆ, ಇಲ್ದಿದ್ರೆ ನಾಳೆ ಟ್ಯಾಕ್ಸ್ ಹಾಕ್ತಾರೆ" ಎಂದ.

"ಸುಮ್ನಿರು ನೀನು. ಕಾನಿಗೆ ಬೆಲೆಯೇ ಇಲ್ಲ ಅಂತ ಬರೆಸ್ತೀಯಾ?" ಎಂದು ಗದರಿ, ಅವರತ್ತ ತಿರುಗಿದೆ. "ಕಾನಿಗೆ ದುಡ್ಡು ಕೊಡೋ ಕ್ರಮ ನಮ್ಮಲ್ಲಿಲ್ಲ. ಬೇಸಿಗೇಲಿ ಮನೆಗೊಬ್ಬರು ಹೋಗಿ, ಬೆಂಕಿ ಒಳಗೆ ನುಗ್ಗದ ಹಾಗೆ ಅಂಚಿನ ತರಗೆಲೆ ಗುಡಿಸ್ತೇವೆ. ಅದನ್ನು ಬರ್ಕೊಳ್ಳಿ."

"ಈ ಫಾರಂನಲ್ಲಿ ರೂಪಾಯಿಗೆ ಮಾತ್ರ ಜಾಗ ಇರೋದಮ್ಮ. ದುಡ್ಡು ಹೇಳದಿದ್ರೆ ಸೊನ್ನೆ ಅಂತಲೇ ಆಗ್ತದೆ."

"ಹಾಗಾದ್ರೆ ಬಡತನ ಇರೋದು ನಿಮ್ಮ ಪ್ರಶ್ನೆಗೆ, ನಮ್ಮ ಕಾನಿಗಲ್ಲ."

ಅವರು ಫಾರಂನಲ್ಲಿ ರೂಪಾಯಿ ಎಂದಿದ್ದುದನ್ನು ಹೊಡೆದುಹಾಕಿದರು. ಆಮೇಲೆ, "ನಿಜ, ಸೊನ್ನೆ ಬರೆದ್ರೆ ಸುಳ್ಳಾಗ್ತದೆ" ಎಂದು, ವರ್ಷಕ್ಕೊಂದು ಆಳಿನ ಕೆಲಸ ಎಂದೇ ಬರೆದುಕೊಂಡರು. ಇನ್ನು ಮುಂದೆ ಎಲ್ಲ ಮನೆಗಳಲ್ಲೂ ಇದನ್ನೂ ಕೇಳುತ್ತಾರಂತೆ. ಮೈದುನನ ಮುಖ ನೀವು ನೋಡಬೇಕಿತ್ತು.

ಹೊರಡುವಾಗ ಅವರದೊಂದು ಕೊನೆಯ ಪ್ರಶ್ನೆ: "ಅಮ್ಮ, ನಿಮ್ಮ ಮನೆ ಆಳಿನ ಕೂಲಿ ಎಷ್ಟು ಅಂತ ಹಿಡೀಲಿ?"

"ಈ ಮನೆಯಿಂದ ಗುಡಿಸೋಕೆ ಹೋಗೋಳು ನಾನೇ. ನನ್ನನ್ನು ಕೂಲಿಗೆ ಕರೆಯೋ ಧೈರ್ಯ ಊರಲ್ಲಿ ಯಾರಿಗಿದೆ ವಿಚಾರಿಸ್ಕೊಂಡು ಬನ್ನಿ, ಆಮೇಲೆ ರೇಟು ಹೇಳ್ತೇನೆ."